ಕವೆಬೆನ್ನಿನ ಕುರ್ಚಿ ಮತ್ತು ಹಾನ್ಸ್ ವೇಗ್ನರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅರ್ಧಚಂದ್ರದಂತೆ ಬಾಗಿದ ತೋಳು, ಬೆನ್ನಿನ ನಡುವೆ ಕವೆಗೋಲಿನಂಥ ಆಧಾರ, ಹೆಣೆದ ಆಸನ ಇರುವ ಡೆನ್ಮಾರ್ಕಿನ ಕುರ್ಚಿಯೊಂದರ ಕುರಿತು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಮೊದಲಿನವು ಹೊಸಬರಿಗೆ, ಕೊನೆಯವು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುವ ಅಭ್ಯಾಸವಿರುವವರಿಗೆ.

## ಮೊದಲ ಪರಿಚಯ

ಒಂದೇ ಕುರ್ಚಿಗೆ ಎಷ್ಟೊಂದು ಹೆಸರು! ಯಾವುದು ಸರಿ?

ಕಾರ್ಖಾನೆಯ ದಾಖಲೆಯಲ್ಲಿ ಇದರ ಹೆಸರು ಸಿ.ಎಚ್. 24. ಮೊದಲ ಎರಡು ಅಕ್ಷರಗಳು ತಯಾರಕರಾದ ಕಾರ್ಲ್ ಹಾನ್ಸೆನ್ ಅವರನ್ನು ಸೂಚಿಸುತ್ತವೆ. ಡೆನ್ಮಾರ್ಕಿನವರೂ ಜಪಾನಿನವರೂ ಬೆನ್ನಿನ ಆಕಾರವನ್ನು ನೋಡಿ ಇದನ್ನು ವೈ ಕುರ್ಚಿ ಎನ್ನುತ್ತಾರೆ. ಇಂಗ್ಲಿಷಿನವರು ಕೋಳಿಯ ಎದೆಯಲ್ಲಿರುವ ಕವಲು ಮೂಳೆಗೆ ಹೋಲಿಸಿ ವಿಶ್‌ಬೋನ್ ಎಂದು ಕರೆದರು. ಕೋಳಿಮೂಳೆಯನ್ನು ಹಿಡಿದೆಳೆದು ಹರಕೆ ಹೇಳಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲದ ಕಾರಣ ಆ ಹೆಸರು ಕನ್ನಡದ ಕಿವಿಗೆ ಏನನ್ನೂ ಹೇಳುವುದಿಲ್ಲ. ಕವಲೊಡೆದ ಕೋಲಿಗೆ ನಮ್ಮಲ್ಲಿ ಕವೆ ಎಂಬ ಒಳ್ಳೆಯ ಪದವಿರುವುದರಿಂದ ನಾನು ಇದನ್ನು ಕವೆಬೆನ್ನಿನ ಕುರ್ಚಿ ಎನ್ನುತ್ತೇನೆ. ಹಾನ್ಸ್ ಯೋರ್ಗೆನ್ಸೆನ್ ವೇಗ್ನರ್ ಇದನ್ನು 1949ರಲ್ಲಿ ವಿನ್ಯಾಸಗೊಳಿಸಿದರು. 1950ರಿಂದ ಇಂದಿನವರೆಗೆ ಇದರ ತಯಾರಿಕೆ ನಿಂತಿಲ್ಲ.

ವೇಗ್ನರ್ ಅಂದ್ರೆ ಜರ್ಮನ್ ಹೆಸರಲ್ವಾ? ಡೆನ್ಮಾರ್ಕಿನವರು ಹೇಗಾದರು?

ಹೆಸರಿನ ಅನುಮಾನಕ್ಕೆ ಕಾರಣವಿದೆ. ವೇಗ್ನರ್ ಹುಟ್ಟಿದ್ದು 1914ರ ಏಪ್ರಿಲ್ 2ರಂದು, ಟೋನರ್ ಎಂಬ ಗಡಿಯ ಪಟ್ಟಣದಲ್ಲಿ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಕಳೆದುಕೊಂಡಿದ್ದ ಆ ಪ್ರದೇಶ ಆಗ ಜರ್ಮನಿಗೆ ಸೇರಿತ್ತು. ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಅಲ್ಲಿ ಜನಮತಗಣನೆ ನಡೆಯಿತು. ಟೋನರ್ ಪಟ್ಟಣದ ಬಹುಮತ ಜರ್ಮನಿಯ ಕಡೆಗಿದ್ದರೂ ಮತಗಳನ್ನು ಇಡೀ ವಲಯಕ್ಕೆ ಒಟ್ಟಾಗಿ ಎಣಿಸಿದ್ದರಿಂದ ಪಟ್ಟಣವೂ ಡೆನ್ಮಾರ್ಕಿಗೆ ಮರಳಿತು. ಹೀಗೆ ಆರು ವರ್ಷದ ಹುಡುಗ ಮನೆ ಬದಲಿಸದೆಯೇ ದೇಶ ಬದಲಿಸಿದ. ಸಂಗೀತಗಾರ ವ್ಯಾಗ್ನರ್ ಅವರಿಗೂ ಇವರಿಗೂ ಯಾವ ನಂಟೂ ಇಲ್ಲ.

ಕೆನಡಿ ಟಿ.ವಿ. ಚರ್ಚೆಯಲ್ಲಿ ಕೂತಿದ್ದು ಇದೇ ಕುರ್ಚೀನಾ?

ಅಲ್ಲ. 1960ರ ಸೆಪ್ಟೆಂಬರ್ 26ರಂದು ಷಿಕಾಗೋದಲ್ಲಿ ನಡೆದ ಕೆನಡಿ ಮತ್ತು ನಿಕ್ಸನ್ ಚರ್ಚೆಯ ವೇದಿಕೆಯಲ್ಲಿದ್ದದ್ದು ವೇಗ್ನರ್ ಅವರ ಇನ್ನೊಂದು ಕೃತಿಯಾದ ದುಂಡು ಕುರ್ಚಿ. ಅಮೆರಿಕದವರು ಅದನ್ನು ಬರೀ "ಕುರ್ಚಿ" ಎಂದೇ ಕರೆದರು. ಕುರ್ಚಿ ಎಂದರೆ ಇದೊಂದೇ ಎಂಬ ಭಾವ ಅದರಲ್ಲಿತ್ತು. ಎರಡೂ 1949ರಲ್ಲೇ ರೂಪುಗೊಂಡಿದ್ದರಿಂದಲೂ, ಎರಡರಲ್ಲೂ ಬೆನ್ನು ಮತ್ತು ತೋಳು ಒಂದೇ ಗೆರೆಯಲ್ಲಿ ಹರಿಯುವುದರಿಂದಲೂ ಈ ಗೊಂದಲ ಹುಟ್ಟುತ್ತದೆ. ಗುರುತು ಸುಲಭ: ದುಂಡು ಕುರ್ಚಿಯ ಬೆನ್ನಿಗೆ ಕವೆಯಿಲ್ಲ, ಆಸನಕ್ಕೂ ಬೆನ್ನಿನ ಮರಕ್ಕೂ ನಡುವೆ ಖಾಲಿ ಜಾಗವಿದೆ.

ಚೀನಾದ ಹಳೆಯ ಕುರ್ಚಿಯನ್ನು ನೋಡಿ ಮಾಡಿದ್ದಂತೆ. ಹಾಗಾದರೆ ಇದರಲ್ಲಿ ಹೊಸತೇನು?

ಮಿಂಗ್ ಕಾಲದ ಚೀನಾದಲ್ಲಿ ಬೆನ್ನು ಮತ್ತು ತೋಳುಗಳನ್ನು ಒಂದೇ ಬಾಗಿದ ಪಟ್ಟಿಯಲ್ಲಿ ಸೇರಿಸಿ, ನಡುವೆ ನೆಟ್ಟಗಿನ ಹಲಗೆಯೊಂದರ ಆಧಾರ ಕೊಟ್ಟ ಕುರ್ಚಿಗಳಿದ್ದವು. ವೇಗ್ನರ್ ಈ ಮಾದರಿಯ ಬೆನ್ನುಹತ್ತಿ 1943 ಮತ್ತು 1944ರ ಸುಮಾರಿಗೆ ಚೀನಾ ಕುರ್ಚಿ ಎಂದೇ ಹೆಸರಾದ ಕೆಲವು ಕುರ್ಚಿಗಳನ್ನು ರೂಪಿಸಿದರು. ಅವುಗಳಲ್ಲಿ ಒಂದನ್ನು ಫ್ರಿಟ್ಜ್ ಹಾನ್ಸೆನ್ ಸಂಸ್ಥೆ ಇಂದಿಗೂ ತಯಾರಿಸುತ್ತಿದೆ. ಕವೆಬೆನ್ನಿನ ಕುರ್ಚಿ ಆ ಸಾಲಿನ ಕೊನೆಯ ಹೆಜ್ಜೆ.

ಮೂಲದಿಂದ ಅವರು ತೆಗೆದುಹಾಕಿದ್ದನ್ನು ಗಮನಿಸಿದರೆ ಹೊಸತೇನೆಂದು ತಿಳಿಯುತ್ತದೆ. ಚೀನಾದ ಕುರ್ಚಿಯಲ್ಲಿ ಮುಂಗಾಲುಗಳೂ ಮೇಲೇರಿ ತೋಳನ್ನು ಹೊರುತ್ತವೆ. ಇಲ್ಲಿ ಮುಂಗಾಲು ಆಸನದ ಮಟ್ಟಕ್ಕೇ ನಿಂತುಬಿಡುತ್ತದೆ, ಹಿಂಗಾಲು ಮಾತ್ರ ಮೇಲೆದ್ದು ಮುಂದಕ್ಕೆ ಬಾಗಿ ತೋಳನ್ನು ಹಿಡಿಯುತ್ತದೆ. ಇದರಿಂದ ತೋಳು ಮೋಟಾಯಿತು, ಕುರ್ಚಿ ಮೇಜಿನ ಹತ್ತಿರ ಸರಿಯಿತು, ಕುಳಿತವರು ಮಗ್ಗುಲು ಬದಲಿಸಲು ಜಾಗವಾಯಿತು. ಗಾಂಭೀರ್ಯದಿಂದ ನೆಟ್ಟಗೆ ಕೂರಿಸುತ್ತಿದ್ದ ಆಸನ ಊಟದ ಮನೆಯ ಆಸನವಾಯಿತು.

## ಕುರ್ಚಿಯ ಒಳಗೆ

ಬೆನ್ನಿಗೆ ಆ ಕವೆ ಯಾಕೆ? ಬರೀ ಅಂದಕ್ಕಾ?

ಅಂದ ಎಂಬುದು ಇಲ್ಲಿ ಲೆಕ್ಕಾಚಾರದ ಫಲ. ತೋಳಿನ ಪಟ್ಟಿ ತೆಳ್ಳಗಿದೆ. ಅದನ್ನು ಹಿಂಗಾಲುಗಳು ಎರಡು ಕಡೆ ಮಾತ್ರ ಹಿಡಿದಿವೆ. ಒರಗಿದಾಗ ಭಾರವೆಲ್ಲ ಬೀಳುವುದು ಆ ಎರಡು ಬಿಂದುಗಳ ನಡುವೆ, ಯಾವ ಆಧಾರವೂ ಇಲ್ಲದ ಹಿಂಭಾಗದಲ್ಲಿ. ಅಲ್ಲಿ ಒಂದೇ ನೆಟ್ಟಗಿನ ಕಡ್ಡಿ ಇಟ್ಟಿದ್ದರೆ ಪಟ್ಟಿ ಒಂದು ಬಿಂದುವಿನ ಮೇಲೆ ತಿರುಚಿಕೊಳ್ಳಲು ನೋಡುತ್ತಿತ್ತು. ಅಗಲವಾದ ಹಲಗೆ ಇಟ್ಟಿದ್ದರೆ ಬೆನ್ನು ಮುಚ್ಚಿಹೋಗುತ್ತಿತ್ತು. ಕವೆ ಕೆಳಗೆ ಒಂದೇ ಬುಡದಿಂದ ಎದ್ದು ಮೇಲೆ ಎರಡು ಕಡೆ ಪಟ್ಟಿಯನ್ನು ಹಿಡಿಯುತ್ತದೆ. ಈ ಭಾಗವನ್ನು ಬಾಗಿಸಿ ಅಚ್ಚೊತ್ತಿದ ಪದರ ಮರದಿಂದ ಮಾಡುತ್ತಾರೆ. ಒಂದೇ ಹಲಗೆಯಿಂದ ಕವಲನ್ನು ಕೊಯ್ದರೆ ನಾರು ಅಡ್ಡ ಬಿದ್ದು ಕವಲಿನ ಬುಡದಲ್ಲೇ ಸೀಳುವ ಅಪಾಯವಿತ್ತು. ಕುರ್ಚಿಗೆ ಹಿಂಬದಿ ಎಂಬುದೊಂದು ಇರಕೂಡದು, ಅದು ಎಲ್ಲ ಕೋನದಿಂದಲೂ ಚೆನ್ನಾಗಿರಬೇಕು ಎಂಬುದು ವೇಗ್ನರ್ ಅವರ ನಿಲುವು. ಊಟದ ಮೇಜಿನ ಸುತ್ತ ಕುರ್ಚಿಗಳು ಹೆಚ್ಚು ಹೊತ್ತು ತೋರಿಸುವುದು ತಮ್ಮ ಬೆನ್ನನ್ನೇ ತಾನೆ.

ಮರವನ್ನು ಮುರಿಯದೆ ಅಷ್ಟು ದುಂಡಗೆ ಹೇಗೆ ಬಗ್ಗಿಸ್ತಾರೆ?

ಬಗ್ಗಿಸುವುದು ತೋಳಿನ ಪಟ್ಟಿಯನ್ನು. ಮರದ ನಾರುಗಳನ್ನು ಅಂಟಿನಂತೆ ಹಿಡಿದಿಟ್ಟಿರುವ ಲಿಗ್ನಿನ್ ಎಂಬ ವಸ್ತು ಬಿಸಿ ಆವಿಗೆ ಮೆದುವಾಗುತ್ತದೆ. ಆವಿಯಲ್ಲಿ ಬೆಂದ ಮರ ಒಳಬದಿಯಲ್ಲಿ ಅದುಮಿಕೊಳ್ಳಲು ಒಪ್ಪುತ್ತದೆ. ಹೊರಬದಿಯಲ್ಲಿ ಹಿಗ್ಗಲು ಒಪ್ಪುವುದಿಲ್ಲ, ಹಿಗ್ಗಿಸಿದರೆ ಸೀಳುತ್ತದೆ. ಆದ್ದರಿಂದ ಆವಿಯಲ್ಲಿ ಮರ ಬಗ್ಗಿಸುವವರು ಹೊರಬದಿಗೆ ಲೋಹದ ಪಟ್ಟಿಯನ್ನು ಬಿಗಿದು, ಬಾಗುವಿಕೆಯೆಲ್ಲ ಒಳಬದಿಯ ಅದುಮುವಿಕೆಯಿಂದಲೇ ಆಗುವಂತೆ ನೋಡಿಕೊಳ್ಳುತ್ತಾರೆ. ಬಾಗಿದ ಮರವನ್ನು ಅಚ್ಚಿಗೆ ಕಟ್ಟಿ ಒಣಗಿಸಿದ ಮೇಲಷ್ಟೇ ಅದು ಆ ಆಕಾರದಲ್ಲಿ ನಿಲ್ಲುತ್ತದೆ.

ಹಿಂಗಾಲುಗಳನ್ನೂ ಹೀಗೆಯೇ ಬಗ್ಗಿಸಿದ್ದಾರೆಂದು ಬಹುತೇಕ ಎಲ್ಲರೂ ಭಾವಿಸುತ್ತಾರೆ. ಅವನ್ನು ಬಗ್ಗಿಸಿಲ್ಲ, ದಪ್ಪ ಹಲಗೆಯಿಂದ ಕೊಯ್ದು ದುಂಡಾಗಿಸಿದ್ದಾರೆ. ಕೊಯ್ದ ಕಾಲನ್ನು ಬಾಗಿದ ಕಾಲಿನಂತೆ ಕಾಣಿಸುವುದು, ಹಾಗೆ ಕೊಯ್ದೂ ನಾರಿನ ಬಲವನ್ನು ಉಳಿಸಿಕೊಳ್ಳುವುದು ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಜಾಣ್ಮೆ.

ಆಸನ ಕಾಗದದ್ದು ಅಂದ್ರೆ ನಂಬೋಕಾಗಲ್ಲ. ಕೂತರೆ ಹರಿಯಲ್ವಾ?

ಕಾಗದವನ್ನು ಬಿಗಿಯಾಗಿ ಹೊಸೆದು ಎಳೆ ಮಾಡಿ, ಮೂರು ಎಳೆಗಳನ್ನು ಕೂಡಿಸಿ ಹುರಿ ಮಾಡಿದಾಗ ಅದು ಹಾಳೆಯ ಗುಣವನ್ನು ಬಿಟ್ಟು ಹಗ್ಗದ ಗುಣವನ್ನು ಪಡೆಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರಗಿನಿಂದ ಬರುತ್ತಿದ್ದ ಕಡಲಹುಲ್ಲಿನ ಹುರಿ ಸಿಗದಂತಾದಾಗ ಡೆನ್ಮಾರ್ಕಿನಲ್ಲಿ ಇದು ಅದರ ಬದಲಿಯಾಗಿ ಬಂದಿತು. ಯುದ್ಧ ಮುಗಿದರೂ ಬದಲಿ ಹೋಗಲಿಲ್ಲ, ಏಕೆಂದರೆ ಇದು ಎಲ್ಲ ಕಡೆ ಒಂದೇ ದಪ್ಪವಿರುತ್ತದೆ ಮತ್ತು ಎಷ್ಟು ಉದ್ದ ಬೇಕಾದರೂ ಸಿಗುತ್ತದೆ.

ಒಂದು ಆಸನಕ್ಕೆ ಸುಮಾರು 120 ಮೀಟರ್ ಹುರಿ ಬೇಕು; ನುರಿತವರು ಸುಮಾರು ಒಂದು ಗಂಟೆಯಲ್ಲಿ ಹೆಣೆಯುತ್ತಾರೆ. ಹೆಣಿಗೆ ನಾಲ್ಕು ಮೂಲೆಗಳಿಂದ ನಡುವಿಗೆ ಬರುವ ನಾಲ್ಕು ತ್ರಿಕೋನಗಳಂತೆ, ಲಕೋಟೆಯ ಹಿಂಬದಿಯ ಹಾಗೆ ಕಾಣುತ್ತದೆ. ಆಸನ ಮುಂದೆ ಅಗಲ, ಹಿಂದೆ ಕಿರಿದು. ಆದ್ದರಿಂದ ಹೆಣೆಯುವವರು ಮೊದಲು ಮುಂದಿನ ಎರಡು ಮೂಲೆಗಳನ್ನು ತುಂಬಿ, ಉಳಿದ ಜಾಗ ಚೌಕವಾದ ಮೇಲೆ ಸುತ್ತಲೂ ಹೋಗುತ್ತಾರೆ. ಕೂರುತ್ತ ಕೂರುತ್ತ ಹುರಿ ತುಸು ಜಗ್ಗಿ ಮೈಗೆ ಹೊಂದಿಕೊಳ್ಳುತ್ತದೆ. ದಶಕಗಳ ನಂತರ ಸವೆದರೆ ಮರವನ್ನು ಹಾಗೆಯೇ ಇಟ್ಟುಕೊಂಡು ಹುರಿಯನ್ನಷ್ಟೇ ಬದಲಿಸಬಹುದು. ನುಲಿ ಹಾಕಿದ ಮಂಚವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪೂರ್ತಿ ಕೈಯಲ್ಲೇ ಮಾಡ್ತಾರಂತೆ, ನಿಜವಾ?

ಅರ್ಧ ನಿಜ, ಮತ್ತು ಆ ಅರ್ಧವನ್ನೇ ಮಾರಾಟಗಾರರು ಹೆಚ್ಚು ಹೇಳುತ್ತಾರೆ. ತಯಾರಿಕೆಯಲ್ಲಿ ನೂರಕ್ಕೂ ಹೆಚ್ಚು ಹಂತಗಳಿವೆ. ಹೆಣಿಗೆ ಕೈಯದ್ದು, ಜೋಡಣೆ ಮತ್ತು ಕೊನೆಯ ಉಜ್ಜುವಿಕೆಯಲ್ಲೂ ಕೈಯ ಪಾಲು ದೊಡ್ಡದು. ಆದರೆ ಕಾಲುಗಳನ್ನು ಕಡೆಯುವುದು, ಕೊಯ್ಯುವುದು, ತೂತು ಕೊರೆಯುವುದು ಯಂತ್ರದ ಕೆಲಸ, ಮತ್ತು ಮೊದಲಿನಿಂದಲೂ ವಿನ್ಯಾಸದ ಉದ್ದೇಶ ಅದೇ ಆಗಿತ್ತು.

ಈ ಕುರ್ಚಿಯ ಮಹತ್ವ ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಕೋಪನ್‌ಹೇಗನ್ನಿನ ದೊಡ್ಡ ಬಡಗಿಗಳ ಕಾರ್ಯಾಗಾರಗಳಲ್ಲಿ ಕುರ್ಚಿಗಳು ಒಂದೊಂದಾಗಿ, ಉಳ್ಳವರಿಗಾಗಿ ಹುಟ್ಟುತ್ತಿದ್ದವು. ಕವೆಬೆನ್ನಿನ ಕುರ್ಚಿಯನ್ನು ವೇಗ್ನರ್ ರೂಪಿಸಿದ್ದು ಓಡೆನ್ಸೆ ಪಟ್ಟಣದ ಕಾರ್ಖಾನೆಗಾಗಿ. ಯಂತ್ರಕ್ಕೆ ಬರುವುದೇನು, ಬಾರದಿರುವುದೇನು ಎಂದು ಬಲ್ಲ ಬಡಗಿಯೊಬ್ಬ ಪ್ರತಿ ಭಾಗವನ್ನೂ ಯೋಚಿಸಿ ಹಂಚಿದ್ದಾನೆ: ದುಂಡು ಕಾಲು ಯಂತ್ರಕ್ಕೆ, ಹುರಿಯ ಬಿಗಿ ಬೆರಳಿಗೆ. ಕೈಕೆಲಸವೆಂದು ಹೊಗಳುವ ಭರದಲ್ಲಿ ಈ ಹಂಚಿಕೆಯ ಬುದ್ಧಿಯನ್ನೇ ಮರೆತರೆ ಕುರ್ಚಿ ನಮಗೆ ಅರ್ಥವಾಗಿಲ್ಲವೆಂದೇ ಲೆಕ್ಕ.

## ವೇಗ್ನರ್ ಅವರ ವೃತ್ತಿಜೀವನ

ವೇಗ್ನರ್ ಬಡಗಿಯೋ, ವಾಸ್ತುಶಿಲ್ಪಿಯೋ? ಕಲಿತದ್ದೆಲ್ಲಿ?

ಬೂಟು ತಯಾರಿಸುವವರ ಮಗನಾದ ವೇಗ್ನರ್ ಹದಿನಾಲ್ಕರ ವಯಸ್ಸಿಗೆ ತಮ್ಮ ಊರಿನಲ್ಲೇ ಸ್ಟಾಲ್‌ಬರ್ಗ್ ಎಂಬ ಬಡಗಿಯ ಬಳಿ ಶಿಷ್ಯರಾಗಿ ಸೇರಿದರು. ಇಪ್ಪತ್ತರ ಸುಮಾರಿಗೆ ಸೈನಿಕ ಸೇವೆಗೆಂದು ಕೋಪನ್‌ಹೇಗನ್ನಿಗೆ ಬಂದಾಗ ತಮ್ಮ ಕಸುಬಿಗೆ ಇನ್ನೊಂದು ಲೋಕವಿದೆಯೆಂದು ಕಂಡುಕೊಂಡು, 1936ರಿಂದ 1938ರವರೆಗೆ ಅಲ್ಲಿನ ಕರಕುಶಲ ಕಲಾಶಾಲೆಯಲ್ಲಿ ಕಲಿತರು. ಅಲ್ಲಿಂದ ಓರ್ಹುಸ್ ನಗರಕ್ಕೆ ಹೋಗಿ, ಆರ್ನೆ ಯಾಕೋಬ್ಸೆನ್ ಮತ್ತು ಎರಿಕ್ ಮ್ಯೋಲರ್ ಅವರ ಕಚೇರಿಯಲ್ಲಿ ಓರ್ಹುಸ್ ನಗರಸಭಾ ಭವನದ ಪೀಠೋಪಕರಣಗಳ ಮೇಲೆ ಕೆಲಸ ಮಾಡಿದರು. 1943ರಲ್ಲಿ ಸ್ವಂತ ಕಚೇರಿ ತೆರೆದರು. 1946ರಲ್ಲಿ ಕೋಪನ್‌ಹೇಗನ್ನಿಗೆ ಮರಳಿ, ತಾವು ಓದಿದ ಶಾಲೆಯಲ್ಲೇ 1953ರವರೆಗೆ ಪಾಠ ಹೇಳಿದರು. ಕಟ್ಟಡಗಳನ್ನು ವಿನ್ಯಾಸಗೊಳಿಸಿದ್ದು ತೀರಾ ಕಡಿಮೆ, ಗೆಂಟೋಫ್ಟೆಯ ತಮ್ಮ ಮನೆ ಅವುಗಳಲ್ಲೊಂದು. ಕಾಗದದ ಮೇಲಿನ ಚಿತ್ರವನ್ನು ಅವರು ಪೂರ್ತಿ ನಂಬುತ್ತಿರಲಿಲ್ಲ. ಕುರ್ಚಿಯ ಐದನೇ ಒಂದರ ಅಳತೆಯ ಮಾದರಿಗಳನ್ನು ತಾವೇ ಮಾಡಿ ನೋಡುತ್ತಿದ್ದರು.

ಕಾರ್ಲ್ ಹಾನ್ಸೆನ್, ಯೊಹಾನೆಸ್ ಹಾನ್ಸೆನ್, ಫ್ರಿಟ್ಜ್ ಹಾನ್ಸೆನ್ — ಎಲ್ಲ ಒಂದೇ ಮನೆಯವರಾ?

ಮೂರೂ ಬೇರೆ ಬೇರೆ ಸಂಸ್ಥೆಗಳು. ಹಾನ್ಸೆನ್ ಎಂಬುದು ಡೆನ್ಮಾರ್ಕಿನಲ್ಲಿ ನಮ್ಮ ಗೌಡ, ರಾವ್‌ಗಳಷ್ಟೇ ಸಾಮಾನ್ಯ. ಯೊಹಾನೆಸ್ ಹಾನ್ಸೆನ್ ಕೋಪನ್‌ಹೇಗನ್ನಿನ ಹಿರಿಯ ಬಡಗಿ. 1927ರಿಂದ 1966ರವರೆಗೆ ಪ್ರತಿವರ್ಷ ನಡೆದ ಬಡಗಿಗಳ ಸಂಘದ ಪ್ರದರ್ಶನಕ್ಕಾಗಿ ವೇಗ್ನರ್ ಅವರ ಅತ್ಯಂತ ಧೈರ್ಯದ ಕೃತಿಗಳು, 1947ರ ನವಿಲು ಕುರ್ಚಿಯೂ ದುಂಡು ಕುರ್ಚಿಯೂ ಸೇರಿದಂತೆ, ಯೊಹಾನೆಸ್ ಅವರ ಕಾರ್ಯಾಗಾರದಲ್ಲೇ ರೂಪುಗೊಂಡವು. ಕಾರ್ಲ್ ಹಾನ್ಸೆನ್ 1908ರಲ್ಲಿ ಓಡೆನ್ಸೆಯಲ್ಲಿ ಆರಂಭಿಸಿದ ಸಂಸ್ಥೆಯನ್ನು 1949ರ ಹೊತ್ತಿಗೆ ಅವರ ಮಗ ಹೋಲ್ಗರ್ ನಡೆಸುತ್ತಿದ್ದರು.

1949 ಒಂದೇ ವರ್ಷದಲ್ಲಿ ಅಷ್ಟೊಂದು ಹೇಗೆ ಸಾಧ್ಯವಾಯಿತು?

ಐವಿಂಡ್ ಕೋಲ್ಡ್ ಕ್ರಿಸ್ಟೆನ್ಸೆನ್ ಎಂಬ ಮಾರಾಟ ಪ್ರತಿನಿಧಿ ಬಡಗಿಗಳ ಪ್ರದರ್ಶನದಲ್ಲಿ ವೇಗ್ನರ್ ಅವರ ಕೆಲಸವನ್ನು ಗಮನಿಸಿ, ಅವರನ್ನು ಹೋಲ್ಗರ್ ಹಾನ್ಸೆನ್ ಅವರಿಗೆ ಪರಿಚಯಿಸಿದರು. ವೇಗ್ನರ್ ಓಡೆನ್ಸೆಗೆ ಹೋಗಿ ಅಲ್ಲಿನ ಯಂತ್ರಗಳನ್ನೂ ಕೆಲಸಗಾರರನ್ನೂ ನೋಡಿಕೊಂಡು ಸಿ.ಎಚ್. 22, 23, 24 ಮತ್ತು 25 ಎಂಬ ನಾಲ್ಕು ಕುರ್ಚಿಗಳನ್ನು ರೂಪಿಸಿದರು. ಅವುಗಳಲ್ಲಿ 24 ಎಂಬುದೇ ಲೋಕವನ್ನು ಸುತ್ತಿತು. ಹತ್ತು ವರ್ಷ ಒಳಗೆ ಕೂಡಿಟ್ಟ ಪ್ರಯೋಗಗಳಿಗೆ ಸರಿಯಾದ ಕಾರ್ಖಾನೆ ಆ ವರ್ಷ ಸಿಕ್ಕಿತು, ಅದನ್ನು ಪವಾಡವೆನ್ನಲಾಗದು.

ಮಾರಾಟದ ಏರ್ಪಾಡೂ ಬೆನ್ನಿಗೇ ಬಂದಿತು. ಕೋಲ್ಡ್ ಕ್ರಿಸ್ಟೆನ್ಸೆನ್ ಅವರ ಮುಂದಾಳತ್ವದಲ್ಲಿ 1951ರಲ್ಲಿ ಸಾಲೆಸ್ಕೋ ಎಂಬ ಒಕ್ಕೂಟ ಹುಟ್ಟಿತು. ಅದರಲ್ಲಿ ಐದು ತಯಾರಕರು: ಮರದ ಕುರ್ಚಿಗೆ ಒಬ್ಬರು, ಮೇಜಿಗೆ ಒಬ್ಬರು, ಮೆತ್ತೆಯ ಆಸನಕ್ಕೆ ಒಬ್ಬರು, ಕಪಾಟಿಗೆ ಒಬ್ಬರು, ಸೋಫಾ ಮತ್ತು ಮಂಚಕ್ಕೆ ಒಬ್ಬರು. ಎಲ್ಲರಿಗೂ ವಿನ್ಯಾಸಕ ಒಬ್ಬನೇ. ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕೈ ಹಾಕದಂತೆ ಕೆಲಸ ಹಂಚಿಕೊಂಡ ಈ ಏರ್ಪಾಡು ಇಲ್ಲದಿದ್ದರೆ ಡೆನ್ಮಾರ್ಕಿನ ಸಣ್ಣ ಕಾರ್ಖಾನೆಗಳು ಹೊರದೇಶದ ಬೇಡಿಕೆಯನ್ನು ತಾಳಿಕೊಳ್ಳುವುದು ಕಷ್ಟವಿತ್ತು. ಅದೇ 1951ರಲ್ಲಿ ವೇಗ್ನರ್ ಫಿನ್ಲೆಂಡಿನ ತಾಪಿಯೋ ವಿರ್ಕಲಾ ಅವರೊಂದಿಗೆ ನಾರ್ಡಿಕ್ ದೇಶಗಳ ವಿನ್ಯಾಸಕರಿಗೆ ಕೊಡುತ್ತಿದ್ದ ಲುನ್ನಿಂಗ್ ಪ್ರಶಸ್ತಿಯನ್ನು, ಅದರ ಮೊದಲ ವರ್ಷದಲ್ಲೇ, ಹಂಚಿಕೊಂಡರು.

ಐನೂರು ಕುರ್ಚಿ ಮಾಡಿದರಂತೆ. ಒಬ್ಬರಿಗೆ ಅಷ್ಟು ಯಾಕೆ ಬೇಕಿತ್ತು?

ಐನೂರಕ್ಕೂ ಹೆಚ್ಚು, ಅವುಗಳಲ್ಲಿ ನೂರಕ್ಕೂ ಮಿಕ್ಕಿ ತಯಾರಿಕೆಗೆ ಬಂದವು. ಅವರು ಕೈಗೆತ್ತಿಕೊಂಡ ಪ್ರಶ್ನೆಗಳು ಕೆಲವೇ, ಆದರೆ ಅವನ್ನು ಬಿಡುತ್ತಿರಲಿಲ್ಲ. ತೋಳು ಮತ್ತು ಬೆನ್ನು ಒಂದಾಗುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಚೀನಾ ಕುರ್ಚಿ, ದುಂಡು ಕುರ್ಚಿ, ಕವೆಬೆನ್ನಿನ ಕುರ್ಚಿ ಮೂರು ಉತ್ತರಗಳು. ಗೆಳೆಯ ಬೋರ್ಗೆ ಮೊಗೆನ್ಸೆನ್ ಸಹಕಾರಿ ಸಂಘವೊಂದರ ಪೀಠೋಪಕರಣ ವಿಭಾಗದ ಮುಖ್ಯಸ್ಥರಾಗಿದ್ದಾಗ, 1944ರಲ್ಲಿ, ಸಾಮಾನ್ಯರ ಮನೆಗಾಗಿ ತೂಗುಕುರ್ಚಿಯನ್ನು ರೂಪಿಸಿಕೊಟ್ಟರು. ಅದೇ ಗೆಳೆಯನ ಪುಟ್ಟ ಮಗನಿಗೆಂದು ಮೊಳೆಯೂ ತಿರುಪೂ ಇಲ್ಲದೆ ಜೋಡಿಸುವ ಕುರ್ಚಿಯನ್ನು ಮಾಡಿದರು. ಎಲ್ಲವೂ ಗೆಲ್ಲಲಿಲ್ಲ. 1963ರ ಮೂರು ಕಾಲಿನ ಚಿಪ್ಪು ಕುರ್ಚಿಯನ್ನು ವಿಮರ್ಶಕರು ಮೆಚ್ಚಿದರೂ ಜನ ಕೊಳ್ಳಲಿಲ್ಲ. 1998ರಲ್ಲಿ ಮತ್ತೆ ಬಂದಾಗ ಅದೇ ಕುರ್ಚಿ ಜನಪ್ರಿಯವಾಯಿತು. ವೇಗ್ನರ್ 2007ರ ಜನವರಿಯಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರು. ಅವರೇ ಹುಟ್ಟೂರಿಗೆ ಕೊಟ್ಟ 37 ಕುರ್ಚಿಗಳನ್ನು ಟೋನರಿನ ಹಳೆಯ ನೀರಿನ ಗೋಪುರದಲ್ಲಿ ಇರಿಸಲಾಗಿದೆ.

## ಕೊಳ್ಳುವವರು, ಬಳಸುವವರು

ಅಸಲಿಯೋ ನಕಲಿಯೋ ಹೇಗೆ ತಿಳಿಯೋದು?

ಮೊದಲು ತಯಾರಕರ ಗುರುತನ್ನು ನೋಡಿ, ಆದರೆ ಚೀಟಿಯನ್ನೂ ನಕಲು ಮಾಡಬಹುದಾದ್ದರಿಂದ ಅಲ್ಲಿಗೇ ನಿಲ್ಲಬೇಡಿ. ತೋಳಿನ ಪಟ್ಟಿಯ ಮೇಲೆ ನಾರಿನ ಗೆರೆಗಳು ಒಂದು ತುದಿಯಿಂದ ಇನ್ನೊಂದಕ್ಕೆ ಬಾಗುತ್ತ ಹರಿಯಬೇಕು. ಅಗ್ಗದ ನಕಲುಗಳಲ್ಲಿ ಎರಡು ಮೂರು ತುಂಡುಗಳನ್ನು ಅಂಟಿಸಿ ಬಣ್ಣದಲ್ಲಿ ಮುಚ್ಚಿರುತ್ತಾರೆ. ಹಿಂಗಾಲನ್ನು ಹಿಂದಿನಿಂದಲೂ ಪಕ್ಕದಿಂದಲೂ ನೋಡಿ. ನಕಲು ತೆಳು ಹಲಗೆಯನ್ನು ಬಳಸಿ ಮರ ಉಳಿಸಿದ್ದರೆ ಒಂದು ಕಡೆಯಿಂದ ಕಾಲು ನೆಟ್ಟಗೆ, ಜೀವವಿಲ್ಲದಂತೆ ಕಾಣುತ್ತದೆ. ಕೊನೆಗೆ ಹೆಣಿಗೆಯನ್ನು ಹೆಬ್ಬೆರಳಿನಿಂದ ಒತ್ತಿ. ಸಡಿಲ ಹೆಣಿಗೆ ಬೆರಳಿಗೆ ಸುಳ್ಳು ಹೇಳುವುದಿಲ್ಲ.

ಮಂಗಳೂರಿನ ಮಳೆಗಾಲಕ್ಕೆ ಇದು ಬಾಳುತ್ತಾ?

ಮನೆಯೊಳಗೆ ಬಾಳುತ್ತದೆ, ಜಗಲಿಯಲ್ಲಿ ಬಾಳುವುದಿಲ್ಲ. ಮರ ತೇವ ಹೀರಿ ಉಬ್ಬುವುದು, ಬೇಸಗೆಯಲ್ಲಿ ಕುಗ್ಗುವುದು ಸಹಜ. ಗಾಳಿಯಾಡುವ ಕೋಣೆಯಲ್ಲಿ, ಗೋಡೆಯಿಂದ ತುಸು ದೂರ ಇಟ್ಟರೆ ಸಾಕು. ಹುರಿ ಒದ್ದೆಯಾದರೆ ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಒಣಗಿಸಬೇಕು. ಸಾಬೂನಿನ ನೀರು ಬಳಿದ ತಿಳಿ ಬಣ್ಣದ ಓಕ್ ನೋಡಲು ಚೆಂದ, ಆದರೆ ಅರಿಸಿನದ ಸಾರು ಬಿದ್ದರೆ ಕಲೆ ಕೂರುತ್ತದೆ. ನಮ್ಮ ಊಟದ ಮೇಜಿಗೆ ಎಣ್ಣೆ ಅಥವಾ ಮೆರುಗೆಣ್ಣೆ ಬಳಿದದ್ದೇ ವಾಸಿ.

ನಮ್ಮ ಬಡಗಿ ಕೈಯಲ್ಲಿ ತೇಗದಲ್ಲಿ ಮಾಡಿಸಬಹುದಾ?

ಕಾಲು, ಕಚ್ಚು, ಹೆಣಿಗೆ ಇವು ಯಾವ ಒಳ್ಳೆಯ ಬಡಗಿಗೂ ಕಷ್ಟವಲ್ಲ. ತೊಡಕಿರುವುದು ತೋಳಿನ ಪಟ್ಟಿಯಲ್ಲಿ. ಬೀಚ್, ಆಶ್, ಓಕ್ ಮರಗಳು ಆವಿಗೆ ಚೆನ್ನಾಗಿ ಬಗ್ಗುತ್ತವೆ. ತೇಗ ಆ ಮಟ್ಟಿಗೆ ಬಗ್ಗುವ ಮರವಲ್ಲ. ತುಂಡುಗಳನ್ನು ಕೊಯ್ದು ಜೋಡಿಸಿದರೆ ಪಟ್ಟಿ ದಪ್ಪವಾಗಬೇಕು, ಪಟ್ಟಿ ದಪ್ಪವಾದರೆ ಇಡೀ ಕುರ್ಚಿಯ ಹದ ಕೆಡುತ್ತದೆ. ಇದೇ ಕುರ್ಚಿಯನ್ನು ನಕಲು ಮಾಡಿಸುವ ಬದಲು ಇದರಿಂದ ಕಲಿತ ಬೇರೊಂದನ್ನು ಮಾಡಿಸಿಕೊಳ್ಳುವುದು ಮೇಲು. ವೇಗ್ನರ್ ಚೀನಾದ ಕುರ್ಚಿಯೊಡನೆ ಮಾಡಿದ್ದೂ ಅದನ್ನೇ.

ಇಷ್ಟೊಂದು ನಕಲು ಮಾರ್ತಾರಲ್ಲ, ಕಾನೂನು ಸುಮ್ಮನಿದೆಯಾ?

ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಡೆನ್ಮಾರ್ಕಿನಲ್ಲಿ ಇಂಥ ವಿನ್ಯಾಸ ಕಲಾಕೃತಿಯಂತೆ ಕೃತಿಸ್ವಾಮ್ಯಕ್ಕೆ ಒಳಪಡುತ್ತದೆ. ಅದರ ಅವಧಿ ಕರ್ತೃ ತೀರಿಕೊಂಡ ನಂತರ 70 ವರ್ಷ, ಎಂದರೆ ವೇಗ್ನರ್ ಅವರ ಮಟ್ಟಿಗೆ 2077ರ ಕೊನೆಯವರೆಗೆ. ಬ್ರಿಟನ್ನಿನಲ್ಲಿ ಯಂತ್ರದಿಂದ ಹೇರಳವಾಗಿ ತಯಾರಾದ ವಿನ್ಯಾಸಗಳಿಗೆ 25 ವರ್ಷಗಳ ರಕ್ಷಣೆಯಷ್ಟೇ ಇದ್ದು, ನಕಲು ಮಾರುವವರಿಗೆ ಅದು ಹಬ್ಬವಾಗಿತ್ತು. 2016ರಲ್ಲಿ ಆ ನಿಯಮ ರದ್ದಾಯಿತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಕೃತಿಸ್ವಾಮ್ಯ ಮುಗಿಯುತ್ತದೆ. ನೋಂದಾಯಿಸಿದರೂ 2000ದ ವಿನ್ಯಾಸ ಕಾಯ್ದೆ ಕೊಡುವುದು ಹೆಚ್ಚೆಂದರೆ 15 ವರ್ಷ. ಹೆಸರು ಮತ್ತು ಗುರುತುಗಳ ವ್ಯಾಪಾರಮುದ್ರೆಯ ಹಕ್ಕು ಇವೆರಡಕ್ಕಿಂತ ಬೇರೆ. ನಕಲನ್ನು ಅಸಲಿಯೆಂದು ಹೇಳಿ ಮಾರುವುದು ಎಲ್ಲಿಯೂ ವಂಚನೆಯೇ.

ಜಪಾನಿನ ದಾರಿ ಇನ್ನೂ ಸ್ವಾರಸ್ಯದ್ದು. ಕುರ್ಚಿಯ ಆಕಾರವನ್ನೇ ಮೂರು ಆಯಾಮದ ವ್ಯಾಪಾರಮುದ್ರೆಯಾಗಿ ನೋಂದಾಯಿಸಬೇಕೆಂಬ ಅರ್ಜಿಯನ್ನು ಅಲ್ಲಿನ ಕಚೇರಿ ಮೊದಲು ತಳ್ಳಿಹಾಕಿತು. 2011ರಲ್ಲಿ ಬೌದ್ಧಿಕ ಆಸ್ತಿ ಉಚ್ಚ ನ್ಯಾಯಾಲಯ ಆ ತೀರ್ಮಾನವನ್ನು ರದ್ದುಪಡಿಸಿತು. ದಶಕಗಳ ಕಾಲ ಆಕಾರ ಬದಲಾಗದೆ ಮಾರಾಟವಾಗಿರುವುದರಿಂದ, ಯಾವ ಹೆಸರೂ ಬರೆಯದಿದ್ದರೂ ಬೆನ್ನಿನ ಕವೆಯನ್ನೂ ತೋಳಿನ ಬಾಗನ್ನೂ ನೋಡಿದೊಡನೆ ಕೊಳ್ಳುವವರು ತಯಾರಕರನ್ನು ಗುರುತಿಸುತ್ತಾರೆ ಎಂಬುದು ಅದಕ್ಕೆ ಕೊಟ್ಟ ಕಾರಣವಾಗಿತ್ತು.